ಮನೆಯ ಉಪಗ್ರಹ ಟಿವಿ ಸಂಪರ್ಕವನ್ನು ಪ್ರತ್ಯೇಕ ಗ್ಯಾರೇಜಿಗೆ ಒಯ್ಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಸೂರಿನಡಿಯ ಇನ್ನೊಂದು ಕೋಣೆಗೆ ಕೇಬಲ್ ಎಳೆಯುವುದಕ್ಕೂ, ಅಂಗಳದ ಆಚೆ ಬೇರೆಯಾಗಿ ನಿಂತಿರುವ ಗ್ಯಾರೇಜಿಗೆ ಎಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡು ಕಟ್ಟಡಗಳ ನಡುವೆ ಹಾಯುವ ಆ ಒಂದು ಕೇಬಲ್ ಒಮ್ಮೆಗೇ ಮೂರು ಕೆಲಸ ಮಾಡುತ್ತದೆ: ಡಿಶ್‌ನಿಂದ ಸಿಗ್ನಲನ್ನು ತರುತ್ತದೆ, ಸೆಟ್ ಟಾಪ್ ಬಾಕ್ಸಿನಿಂದ ಡಿಶ್‌ಗೆ ವಿದ್ಯುತ್ತನ್ನು ಒಯ್ಯುತ್ತದೆ, ಜೊತೆಗೆ ಎರಡು ಕಟ್ಟಡಗಳ ಅರ್ಥಿಂಗನ್ನು ಲೋಹದ ಮೂಲಕ ಒಂದಕ್ಕೊಂದು ಬೆಸೆಯುತ್ತದೆ. ಮೊದಲನೆಯದನ್ನು ಎಲ್ಲರೂ ಯೋಚಿಸುತ್ತಾರೆ. ಆಮೇಲೆ ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ಉಳಿದ ಎರಡರಿಂದ ಬರುತ್ತವೆ. ಕೆಳಗಿನ ಉತ್ತರಗಳನ್ನು ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರೆಯಲಾಗಿದೆ.

ಮನೆಯ ಡಿಶ್‌ನಿಂದಲೇ ಗ್ಯಾರೇಜಿಗೂ ಸಂಪರ್ಕ ಕೊಡಬಹುದೇ, ಅಥವಾ ಅಲ್ಲಿಗೆ ಬೇರೆ ಡಿಶ್ ಬೇಕೇ?

ಎರಡೂ ಸಾಧ್ಯ. ಗ್ಯಾರೇಜು ಮೂವತ್ತು ನಲವತ್ತು ಮೀಟರ್ ಒಳಗಿದ್ದರೆ ಮನೆಯ ಡಿಶ್‌ನಿಂದಲೇ ಕೇಬಲ್ ಎಳೆಯುವುದು ಸಾಮಾನ್ಯವಾಗಿ ಸರಳವಾದ ದಾರಿ. ದೂರ ಅದಕ್ಕಿಂತ ಬಹಳ ಹೆಚ್ಚಿದ್ದರೆ, ಅಥವಾ ನಡುವೆ ಕಾಂಕ್ರೀಟ್ ಹಾಸನ್ನು ಒಡೆಯಲೇಬೇಕಾದ ಸ್ಥಿತಿಯಿದ್ದರೆ, ಗ್ಯಾರೇಜಿನ ಗೋಡೆಗೆ ಇನ್ನೊಂದು ಡಿಶ್ ಹಾಕಿಸುವುದೇ ಒಳ್ಳೆಯದು. ಉಪಗ್ರಹವು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಮನೆಗೂ ಗ್ಯಾರೇಜಿಗೂ ಡಿಶ್ ತಿರುಗಿಸಬೇಕಾದ ದಿಕ್ಕಿನಲ್ಲಿ, ಓರೆಯಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ; ಮನೆಯ ಡಿಶ್ ಎತ್ತ ನೋಡುತ್ತಿದೆಯೋ ಗ್ಯಾರೇಜಿನದೂ ಅತ್ತಲೇ ನೋಡಬೇಕು. ಆ ದಿಕ್ಕಿನಲ್ಲಿ ಮನೆಯೇ ಅಡ್ಡ ಬರುತ್ತದೆಯೇ, ಮರದ ಕೊಂಬೆಗಳು ಚಾಚಿವೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಎಲೆ ಉದುರಿದ ಕಾಲದಲ್ಲಿ ಹಾಕಿಸಿದ ಡಿಶ್ ಮರ ಚಿಗುರಿದ ಮೇಲೆ ಕುರುಡಾಗುವುದುಂಟು.

ಎರಡನೆಯ ಡಿಶ್‌ನಿಂದ ಒಂದು ದೊಡ್ಡ ಅನುಕೂಲವಿದೆ: ಟಿವಿಯ ಮಟ್ಟಿಗೆ ಎರಡು ಕಟ್ಟಡಗಳ ನಡುವೆ ತಾಮ್ರದ ಕೊಂಡಿಯೇ ಇರುವುದಿಲ್ಲ. ಇದರ ಮಹತ್ವ ಅರ್ಥಿಂಗ್ ಕುರಿತ ಉತ್ತರದಲ್ಲಿ ತಿಳಿಯುತ್ತದೆ.

ಈಗಿರುವ ಕೇಬಲಿಗೆ ಸ್ಪ್ಲಿಟರ್ ಹಾಕಿ ಒಂದು ಕವಲನ್ನು ಗ್ಯಾರೇಜಿಗೆ ಬಿಟ್ಟರೆ ಸಾಲದೇ?

ಸಾಲದು. ಏಕೆ ಸಾಲದು ಎಂಬುದನ್ನು ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ಡಿಶ್‌ನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಚಿಕ್ಕ ಪೆಟ್ಟಿಗೆಯು, ಬಹುಪಾಲು ಮನೆಗಳಿಗೆ ಬರುವ ಕೆಯು ಬ್ಯಾಂಡ್ ಸೇವೆಗಳಲ್ಲಿ, 10.7ರಿಂದ 12.75 ಗಿಗಾಹರ್ಟ್ಸ್‌ವರೆಗಿನ ತರಂಗಗಳನ್ನು ಹಿಡಿದು, ಕೇಬಲಿನಲ್ಲಿ ಸಾಗಬಲ್ಲ 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕಳಿಸುತ್ತದೆ. ಉಪಗ್ರಹದಿಂದ ಬರುವುದೆಲ್ಲ ಒಟ್ಟಿಗೆ ಈ ಕೇಬಲಿನಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಸೆಟ್ ಟಾಪ್ ಬಾಕ್ಸು ತನಗೆ ಬೇಕಾದ ಭಾಗವನ್ನು ಕೇಳಿ ಪಡೆಯುತ್ತದೆ: ಅದೇ ಕೇಬಲಿನಲ್ಲಿ 13 ವೋಲ್ಟ್ ಕಳಿಸಿದರೆ ಒಂದು ಧ್ರುವೀಕರಣದ (ಅಂದರೆ ಅಲೆಗಳು ಕಂಪಿಸುವ ಒಂದು ದಿಕ್ಕಿನ) ಚಾನೆಲ್‌ಗಳು, 18 ವೋಲ್ಟ್ ಕಳಿಸಿದರೆ ಇನ್ನೊಂದರವು. ಸಾರ್ವತ್ರಿಕ ಮಾದರಿಯ ಎಲ್‌ಎನ್‌ಬಿಯಾದರೆ ಮೇಲಿನ ಬ್ಯಾಂಡಿಗಾಗಿ 22 ಕಿಲೋಹರ್ಟ್ಸ್‌ನ ಒಂದು ಸ್ವರವನ್ನೂ ಸೇರಿಸುತ್ತದೆ.

ಈಗ ಒಂದೇ ಕೇಬಲಿಗೆ ಎರಡು ಬಾಕ್ಸುಗಳನ್ನು ಜೋಡಿಸಿದಿರಿ ಎಂದುಕೊಳ್ಳಿ. ಮನೆಯದು 13 ಕೇಳುತ್ತದೆ, ಗ್ಯಾರೇಜಿನದು 18 ಕೇಳುತ್ತದೆ. ಹೆಚ್ಚಿನ ವೋಲ್ಟೇಜು ಗೆಲ್ಲುತ್ತದೆ, ಮನೆಯಲ್ಲಿ ಟಿವಿ ನೋಡುತ್ತಿದ್ದವರ ಚಾನೆಲ್ ಮಾಯವಾಗುತ್ತದೆ. ಗ್ಯಾರೇಜಿನಲ್ಲಿ ಚಾನೆಲ್ ಬದಲಿಸಿದಾಗಲೆಲ್ಲ ಮನೆಯ ಟಿವಿ ಕಪ್ಪಾಗುವ ದೂರಿನ ಮೂಲ ಇದೇ.

ಸರಿಯಾದ ಪರಿಹಾರಗಳು ಮೂರು. ಎರಡು ಸ್ವತಂತ್ರ ಹೊರದಾರಿಗಳಿರುವ ಎಲ್‌ಎನ್‌ಬಿ ಹಾಕಿಸಿ ಪ್ರತಿ ಬಾಕ್ಸಿಗೂ ಪ್ರತ್ಯೇಕ ಕೇಬಲ್ ಎಳೆಯುವುದು ಮೊದಲನೆಯದು. ಎರಡೇ ಟಿವಿಗಳಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಟಿವಿಗಳು ಹಲವಾದರೆ ನಾಲ್ಕು ಹೊರದಾರಿಗಳ ಕ್ವಾಟ್ರೊ ಎಲ್‌ಎನ್‌ಬಿ ಮತ್ತು ಅದರ ಸಿಗ್ನಲನ್ನು ಪ್ರತಿ ಬಾಕ್ಸು ಕೇಳಿದಂತೆ ಹಂಚುವ ಮಲ್ಟಿಸ್ವಿಚ್ ಎರಡನೆಯದು. ಮೂರನೆಯದು ಒಂಟಿ ಕೇಬಲ್ ಪದ್ಧತಿ. ಇದರಲ್ಲಿ ಪ್ರತಿ ಬಾಕ್ಸಿಗೂ ತನ್ನದೇ ಆದ ಒಂದು ಆವರ್ತನದ ತುಂಡನ್ನು ಹಂಚಲಾಗುವುದರಿಂದ ಸ್ಪ್ಲಿಟರ್ ಹಾಕಿದರೂ ಜಗಳವಿಲ್ಲ. ಇಎನ್ 50494 ಎಂಬ ಮಾನದಂಡದಂತೆ ಒಂದು ಕೇಬಲಿನಲ್ಲಿ 8, ಅದರ ನಂತರದ ಇಎನ್ 50607ರಂತೆ 32 ಟ್ಯೂನರುಗಳವರೆಗೆ (ಟ್ಯೂನರ್ ಎಂದರೆ ಬಾಕ್ಸಿನೊಳಗೆ ಬೇಕಾದ ಚಾನೆಲನ್ನು ಹಿಡಿಯುವ ಭಾಗ) ನಡೆಸಬಹುದು. ಆದರೆ ಎಲ್‌ಎನ್‌ಬಿಯೂ ಬಾಕ್ಸೂ ಎರಡೂ ಈ ಪದ್ಧತಿಯನ್ನು ಬಲ್ಲವಾಗಿರಬೇಕು, ಮತ್ತು ಸ್ಪ್ಲಿಟರು 2150 ಮೆಗಾಹರ್ಟ್ಸ್‌ಗಿಂತ ಮೇಲಿನವರೆಗೂ ಸಾಗಿಸುವಂಥದ್ದಾಗಿರಬೇಕು. ಸಾಧಾರಣ ಆಂಟೆನಾದ ಸ್ಪ್ಲಿಟರುಗಳು 1000 ಮೆಗಾಹರ್ಟ್ಸ್ ಹೊತ್ತಿಗೆ ಕೈಚೆಲ್ಲುತ್ತವೆ.

ಗ್ಯಾರೇಜಿಗೆ ಇನ್ನೊಂದು ಸೆಟ್ ಟಾಪ್ ಬಾಕ್ಸ್ ಬೇಕೇ ಬೇಕೇ?

ಮನೆಯಲ್ಲಿ ಒಂದು ಚಾನೆಲ್, ಗ್ಯಾರೇಜಿನಲ್ಲಿ ಇನ್ನೊಂದು ಏಕಕಾಲಕ್ಕೆ ಬೇಕೆಂದರೆ ಬೇಕು. ಪಾವತಿ ಚಾನೆಲ್‌ಗಳ ಬಾಕ್ಸುಗಳು ಚಂದಾದಾರರ ಖಾತೆಗೆ ಬೆಸೆದಿರುತ್ತವೆ. ಆದ್ದರಿಂದ ಬೇರೆ ಕಡೆಯಿಂದ ತಂದ ಹಳೆಯ ಬಾಕ್ಸನ್ನು ಜೋಡಿಸಿದ ಮಾತ್ರಕ್ಕೆ ಅದು ತೆರೆದುಕೊಳ್ಳುವುದಿಲ್ಲ. ಅದೇ ಆವರಣದೊಳಗಿನ ಎರಡನೆಯ ಬಾಕ್ಸಿಗೆ ನಿಮ್ಮ ಸೇವೆಯವರ ಕರಾರು ಏನು ಹೇಳುತ್ತದೆ ಎಂಬುದನ್ನು ನೆಲ ಅಗೆಯುವ ಮೊದಲೇ ಕೇಳಿ ತಿಳಿಯಿರಿ. ಮನೆಯಲ್ಲಿ ಓಡುವ ಕಾರ್ಯಕ್ರಮವೇ ಗ್ಯಾರೇಜಿನಲ್ಲೂ ಕಂಡರೆ ಸಾಕು ಎನ್ನುವವರಿಗೆ ಬೇರೆ ದಾರಿಗಳಿವೆ, ಮುಂದೆ ಬರುತ್ತವೆ.

ಎಷ್ಟು ದೂರದವರೆಗೆ ಕೇಬಲ್ ಎಳೆಯಬಹುದು? ಯಾವ ಕೇಬಲ್ ಹಾಕಬೇಕು?

75 ಓಮ್‌ನ ಆರ್‌ಜಿ-6 ಕೇಬಲ್ ಈ ಕೆಲಸಕ್ಕೆ ಸಾಮಾನ್ಯ ಆಯ್ಕೆ. ಅದರಲ್ಲಿ ಸಿಗ್ನಲ್ 100 ಮೀಟರಿಗೆ 950 ಮೆಗಾಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬಲ್, 2150ರಲ್ಲಿ 30ಕ್ಕಿಂತ ತುಸು ಹೆಚ್ಚು ಕುಗ್ಗುತ್ತದೆ. ಮೂವತ್ತು ಮೀಟರಿಗೆ ಆರರಿಂದ ಹತ್ತು ಡೆಸಿಬಲ್ ಎಂದು ಲೆಕ್ಕ ಇಟ್ಟುಕೊಳ್ಳಬಹುದು, ಅದನ್ನು ಬಾಕ್ಸುಗಳು ನಿರಾಯಾಸವಾಗಿ ತಾಳಿಕೊಳ್ಳುತ್ತವೆ. ಐವತ್ತು ಮೀಟರ್ ಸಮೀಪಿಸಿದಂತೆ ಎಚ್ಚರ ಬೇಕು. ಅಲ್ಲಿಂದಾಚೆಗೆ ಆರ್‌ಜಿ-11 ಹಾಕುವುದು ಉತ್ತಮ. ದಪ್ಪ, ಬಗ್ಗಿಸಲು ಕಷ್ಟ, ಆದರೆ ನಷ್ಟ ಸುಮಾರು ಮೂರನೇ ಒಂದು ಪಾಲು ಕಡಿಮೆ.

ದೂರವನ್ನು ಅಳೆಯುವಾಗ ಅಂಗಳದ ಅಗಲವನ್ನಷ್ಟೇ ಅಳೆದು ಮೋಸಹೋಗಬೇಡಿ. ಡಿಶ್‌ನಿಂದ ಛಾವಣಿಯ ಅಂಚಿಗೆ, ಅಲ್ಲಿಂದ ಗೋಡೆಗುಂಟ ನೆಲಕ್ಕೆ, ನೆಲದಡಿ ಗ್ಯಾರೇಜಿಗೆ, ಮತ್ತೆ ಮೇಲೆದ್ದು ಟಿವಿ ಇರುವ ಮೂಲೆಗೆ ಎಂದು ಕೂಡಿಸುತ್ತ ಹೋದರೆ ಹದಿನೈದು ಮೀಟರ್ ಅಂಗಳ ನಲವತ್ತು ಮೀಟರ್ ಕೇಬಲ್ ಕೇಳುತ್ತದೆ.

ಅಂಗಡಿಯಲ್ಲಿ ಎರಡು ಬಗೆಯ ಆರ್‌ಜಿ-6 ತೋರಿಸುತ್ತಾರೆ. ತಿರುಳು ಪೂರ್ತಿ ತಾಮ್ರದ್ದೇ ಆಗಿರಬೇಕೇ?

ಇಷ್ಟು ದೂರಕ್ಕೆ ಹೌದು, ಆಗಿರಬೇಕು. ಅಗ್ಗದ ಕೇಬಲಿನ ನಡುತಂತಿ ಉಕ್ಕಿನದು, ಮೇಲೆ ತೆಳುವಾದ ತಾಮ್ರದ ಲೇಪ. ಅತಿ ಹೆಚ್ಚು ಆವರ್ತನದ ಸಿಗ್ನಲ್ ತಂತಿಯ ಹೊರಮೈಯಲ್ಲಷ್ಟೇ ಹರಿಯುವುದರಿಂದ ಅದಕ್ಕೆ ಲೇಪವೇ ಸಾಕು. ಆದರೆ ಎಲ್‌ಎನ್‌ಬಿಗೆ ಹೋಗುವ ಡಿಸಿ ವಿದ್ಯುತ್ತು ತಂತಿಯ ಇಡೀ ಅಡ್ಡಕೊಯ್ತದಲ್ಲಿ ಹರಿಯುತ್ತದೆ, ಅಲ್ಲಿ ಉಕ್ಕು ಅಡ್ಡಿಯಾಗುತ್ತದೆ. 100 ಮೀಟರಿಗೆ ಶುದ್ಧ ತಾಮ್ರದ ತಿರುಳಿನ ರೋಧ ಸುಮಾರು 2 ಓಮ್. ಉಕ್ಕಿನ ತಿರುಳಿನದು ಸುಮಾರು 10 ಓಮ್. ಎಲ್‌ಎನ್‌ಬಿ 200 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, 50 ಮೀಟರ್ ದಾರಿಯಲ್ಲಿ ತಾಮ್ರದ ತಿರುಳು 0.2 ವೋಲ್ಟ್ ತಿನ್ನುತ್ತದೆ, ಉಕ್ಕಿನದು ಒಂದು ವೋಲ್ಟ್. ಜೊತೆಗೆ ತಿರುಳಿನ ಸುತ್ತ ತೆಳು ಲೋಹದ ಎಳೆಗಳಿಂದ ಹೆಣೆದ ಹೊರ ಹೆಣಿಗೆಯಲ್ಲೂ ಜೋಡಣೆಗಳಲ್ಲೂ ಒಂದಿಷ್ಟು ಸೋರುತ್ತದೆ. ಬಾಕ್ಸು ಹಳೆಯದಾಗಿ 18ರ ಬದಲು 17ನ್ನೇ ಕಳಿಸುತ್ತಿದ್ದರೆ, ಆ ತುದಿಗೆ ಮುಟ್ಟುವುದು 15ರ ಆಸುಪಾಸಿಗೆ ಬಂದು ಬಿಡುತ್ತದೆ. 13 ಮತ್ತು 18ರ ನಡುವೆ ಎಲ್‌ಎನ್‌ಬಿ ತೀರ್ಮಾನ ಮಾಡುವ ಗಡಿ ಇರುವುದೂ ಅಲ್ಲೇ. ಪರಿಣಾಮವಾಗಿ ಅರ್ಧ ಚಾನೆಲ್‌ಗಳು ಬರುತ್ತವೆ, ಅರ್ಧ ಬರುವುದಿಲ್ಲ, ಸಂಜೆ ಬಂದದ್ದು ಬೆಳಿಗ್ಗೆ ಹೋಗುತ್ತದೆ.

ಪರೀಕ್ಷೆ ಸುಲಭ: ತುಂಡು ಕೇಬಲಿನ ನಡುತಂತಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು.

ಸಿಗ್ನಲ್ ಕಡಿಮೆಯಾದರೆ ಆಂಪ್ಲಿಫೈಯರ್ ಹಾಕಿದರಾಯಿತಲ್ಲವೇ?

ಹಾಕುವ ಜಾಗ ತಪ್ಪಿದರೆ ಹಾಕಿಯೂ ಪ್ರಯೋಜನವಿಲ್ಲ. ಆಂಪ್ಲಿಫೈಯರ್ ಸಿಗ್ನಲನ್ನು ಹಿಗ್ಗಿಸುವಾಗ ಜೊತೆಗಿರುವ ಗದ್ದಲವನ್ನೂ ಹಿಗ್ಗಿಸುತ್ತದೆ. ದಾರಿಯಲ್ಲಿ ಬಡವಾಗಿ ಬಂದ ಸಿಗ್ನಲನ್ನು ಗ್ಯಾರೇಜಿನ ತುದಿಯಲ್ಲಿ ಎತ್ತುವುದಕ್ಕಿಂತ, ಇನ್ನೂ ಗಟ್ಟಿಯಾಗಿರುವಾಗ ಡಿಶ್‌ನ ಸಮೀಪದಲ್ಲೇ ಎತ್ತಿ ಕಳಿಸಬೇಕು. 950ರಿಂದ 2150 ಮೆಗಾಹರ್ಟ್ಸ್‌ಗೆಂದು ಮಾಡಿದ, ಡಿಸಿ ಹಾಯಲು ಬಿಡುವ ಲೈನ್ ಆಂಪ್ಲಿಫೈಯರನ್ನೇ ಕೊಳ್ಳಿ. ಅದೂ ಅದೇ ಕೇಬಲಿನಿಂದ ವಿದ್ಯುತ್ ಪಡೆಯುತ್ತದೆ ಎಂಬುದನ್ನು ಮರೆಯಬೇಡಿ; ವೋಲ್ಟೇಜ್ ಕುಸಿತದಿಂದ ನರಳುತ್ತಿರುವ ಲೈನಿಗೆ ಇದು ಹೊಸ ಹೊರೆ. ಡಿಶ್‌ನ ದಿಕ್ಕು ಸರಿಯಿಲ್ಲದೆ ಗುಣಮಟ್ಟ ಕೆಟ್ಟಿದ್ದರೆ ಯಾವ ಆಂಪ್ಲಿಫೈಯರೂ ಅದನ್ನು ನೇರ ಮಾಡಲಾರದು.

ನೆಲದಡಿ ಕೇಬಲ್ ಹೇಗೆ ಹಾಕಬೇಕು? ಮಣ್ಣಿನಲ್ಲಿ ನೇರವಾಗಿ ಹೂಳಬಹುದೇ?

ನೇರವಾಗಿ ಹೂಳಲೆಂದೇ ಮಾಡಿದ ಕೇಬಲುಗಳಿವೆ; ಅವುಗಳ ಹೊರಕವಚದ ಒಳಗೆ ನೀರನ್ನು ತಡೆಯುವ ಜೆಲ್ ತುಂಬಿರುತ್ತದೆ. ಗೋಡೆಗೆ ಬಳಸುವ ಸಾಧಾರಣ ಕೇಬಲನ್ನು ಎಂದೂ ಮಣ್ಣಿಗಿಳಿಸಬಾರದು. ಆದರೂ ನಾನು ಖಡಾಖಂಡಿತವಾಗಿ ಹೇಳುವುದು, ಹೂಳುವ ಕೇಬಲನ್ನೇ ಕೊಂಡರೂ ಅದನ್ನು ಪೈಪಿನೊಳಗೆ ಹಾಕಿ. ಒಮ್ಮೆ ಆತುರದಲ್ಲಿ ಪೈಪಿಲ್ಲದೆ ಒಂದು ಗೇಣು ಆಳದಲ್ಲಿ ಹಾಕಿದ ನನ್ನ ಕೇಬಲ್ ಗಿಡದ ಪಾತಿ ಬಿಡಿಸುವಾಗ ಗುದ್ದಲಿಗೆ ಸಿಕ್ಕಿತು. ತುಂಡಾಗಿದ್ದರೆ ಆಗಲೇ ತಿಳಿಯುತ್ತಿತ್ತು. ಕವಚ ಮಾತ್ರ ಸೀಳಿತ್ತು. ತಿಂಗಳುಗಳ ನಂತರ ಚಿತ್ರ ಒಡೆಯತೊಡಗಿದಾಗ ಅಗೆದು ನೋಡಿದರೆ, ಸೀಳಿನಿಂದ ಎರಡೂ ಕಡೆಗೆ ಮೊಳದುದ್ದ ಹೆಣಿಗೆ ಕಪ್ಪಾಗಿ, ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತಿತ್ತು. ಹೆಣಿಗೆಯ ಎಳೆಗಳ ನಡುವಿನ ಸಂದು ನೀರನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ.

ಅಗೆಯುವ ಮೊದಲು ಅಲ್ಲಿ ವಿದ್ಯುತ್, ನೀರು, ಗ್ಯಾಸ್ ಲೈನುಗಳು ಎಲ್ಲೆಲ್ಲಿ ಹಾದಿವೆ ಎಂಬುದನ್ನು ಸಂಬಂಧಪಟ್ಟವರಿಂದ ಗುರುತು ಮಾಡಿಸಿಕೊಳ್ಳಬೇಕು. ಇದು ಜೀವದ ಪ್ರಶ್ನೆ, ಇಲ್ಲಿ ಅಂದಾಜು ಸಲ್ಲದು. ಆಳ ನಲವತ್ತೈದರಿಂದ ಅರುವತ್ತು ಸೆಂಟಿಮೀಟರ್ ಇದ್ದರೆ ಗುದ್ದಲಿಯ ಏಟು ತಾಗುವುದಿಲ್ಲ; ವಾಹನ ಓಡಾಡುವ ಜಾಗದಲ್ಲಿ ಇನ್ನೂ ಆಳ, ಪೈಪೂ ಗಟ್ಟಿಯದು. ನಿಮ್ಮಲ್ಲಿನ ವಿದ್ಯುತ್ ನಿಯಮ ಬೇರೆ ಆಳ ಹೇಳಿದರೆ ಅದೇ ಅಂತಿಮ. ಪೈಪಿನ ತಿರುವುಗಳಲ್ಲಿ ಚೂಪಾದ ಮೊಣಕೈ ಬೇಡ, ಉದ್ದನೆಯ ಬಾಗು ಬಳಸಿ. ಆರ್‌ಜಿ-6ರ ದಪ್ಪ ಸುಮಾರು 7 ಮಿಲಿಮೀಟರ್, ಅದನ್ನು 7 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಒಳಗಿನ ನೊರೆಯ ಪದರ ನಜ್ಜಾಗಿ ಆ ಜಾಗದಲ್ಲಿ ಸಿಗ್ನಲ್ ಹಿಂದಕ್ಕೆ ಚಿಮ್ಮುತ್ತದೆ. ಪೈಪಿನ ಎರಡೂ ಬಾಯಿಗಳನ್ನು ಮುಚ್ಚಿ. ಇಲ್ಲದಿದ್ದರೆ ಇರುವೆ, ಇಲಿ, ನೀರು ಮೂರೂ ಸೇರುತ್ತವೆ.

ವಿದ್ಯುತ್ ತಂತಿಯಿರುವ ಪೈಪಿನಲ್ಲೇ ಟಿವಿ ಕೇಬಲನ್ನೂ ತೂರಿಸಬಹುದೇ?

ಬಾರದು. ಪ್ರತ್ಯೇಕ ಪೈಪು, ನಡುವೆ ಅಂತರ ಬೇಕು. ಅಡ್ಡ ಹಾಯಲೇಬೇಕಾದರೆ ಲಂಬವಾಗಿ ಹಾಯಿಸಿ.

ಅಗೆಯುವ ಬದಲು ಮೇಲಿನಿಂದಲೇ ಎಳೆದರೆ?

ಆಗಬಹುದು, ಆದರೆ ಕೇಬಲಿನ ಭಾರವನ್ನು ಕೇಬಲೇ ಹೊರಬಾರದು. ಉಕ್ಕಿನ ಆಸರೆತಂತಿ ಜೊತೆಗೇ ಅಂಟಿಕೊಂಡಿರುವ ಮಾದರಿಯನ್ನು ಕೊಂಡು, ಎರಡೂ ತುದಿಗಳಲ್ಲಿ ಆ ತಂತಿಯನ್ನು ಕೊಕ್ಕೆಗೆ ಕಟ್ಟಬೇಕು. ಗೋಡೆಯೊಳಗೆ ಹೋಗುವ ಮುನ್ನ ಕೇಬಲು ಒಂದು ಸಣ್ಣ ಜೋಲು ಬಿದ್ದಿರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ವಿದ್ಯುತ್ ಲೈನಿನ ಹತ್ತಿರ ಹಾಯುವ ದಾರಿಯಾದರೆ ಈ ಯೋಚನೆಯನ್ನೇ ಬಿಡಿ.

ಅರ್ಥಿಂಗ್ ಬಗ್ಗೆ ಇಷ್ಟೊಂದು ಒತ್ತಿ ಹೇಳುವುದೇಕೆ? ಟಿವಿ ಅದಿಲ್ಲದೆಯೂ ಬರುತ್ತದಲ್ಲ?

ಬರುತ್ತದೆ, ಮತ್ತು ಅದಕ್ಕಾಗಿಯೇ ಹೆಚ್ಚಿನವರು ಇದನ್ನು ಕೈಬಿಡುತ್ತಾರೆ. ಕೇಬಲಿನ ಹೊರ ಹೆಣಿಗೆ ಮನೆಯ ಲೋಹದ ಭಾಗಗಳಿಂದ ಗ್ಯಾರೇಜಿನ ಲೋಹದ ಭಾಗಗಳವರೆಗೆ ಅಖಂಡವಾದ ಒಂದು ಲೋಹದ ದಾರಿ. ಎರಡೂ ಕಟ್ಟಡಗಳ ಅರ್ಥಿಂಗ್ ಬೇರೆಬೇರೆಯಾಗಿದ್ದು ಅವುಗಳ ನಡುವೆ ಸರಿಯಾದ ಜೋಡಣೆ ಇಲ್ಲದಿದ್ದರೆ, ಎರಡರ ವೋಲ್ಟೇಜಿನಲ್ಲಿ ವ್ಯತ್ಯಾಸ ಏರ್ಪಟ್ಟು, ಅದನ್ನು ಸರಿದೂಗಿಸುವ ವಿದ್ಯುತ್ತು ಈ ತೆಳ್ಳನೆಯ ಹೆಣಿಗೆಯ ಮೂಲಕ ಹರಿಯುತ್ತದೆ. ಕನೆಕ್ಟರ್ ಬಿಚ್ಚುವಾಗ ಬೆರಳಿಗೆ ಜುಮ್ಮೆನ್ನುವುದು, ಧ್ವನಿಯಲ್ಲಿ ಗುಂಯ್‌ಗುಡುವುದು ಇದರ ಸಣ್ಣ ಲಕ್ಷಣಗಳು. ಸಮೀಪದಲ್ಲೆಲ್ಲೋ ಸಿಡಿಲು ಬಡಿದಾಗ ನೆಲದ ಎರಡು ಬಿಂದುಗಳ ನಡುವೆ ಕ್ಷಣಕಾಲ ಸಾವಿರಾರು ವೋಲ್ಟ್ ಅಂತರ ಹುಟ್ಟಬಲ್ಲದು. ಡಿಶ್‌ಗೆ ನೇರವಾಗಿ ಬಡಿಯಬೇಕೆಂದೇನೂ ಇಲ್ಲ. ಆಗ ಎರಡೂ ಕಡೆಯ ಬಾಕ್ಸು, ಟಿವಿಗಳು ಸುಟ್ಟುಹೋಗುತ್ತವೆ. ಕೈಯಲ್ಲಿ ಕೇಬಲ್ ಹಿಡಿದವರಿದ್ದರೆ ಇನ್ನೂ ಘೋರ.

ಮಾಡಬೇಕಾದದ್ದು ಇಷ್ಟು. ಕೇಬಲು ಪ್ರತಿ ಕಟ್ಟಡದೊಳಗೆ ಪ್ರವೇಶಿಸುವಲ್ಲಿ ಒಂದು ಅರ್ಥಿಂಗ್ ಬ್ಲಾಕ್ ಹಾಕಿ, ಅದರಿಂದ ಆ ಕಟ್ಟಡದ ಮುಖ್ಯ ಅರ್ಥಿಂಗಿಗೆ ಸಾಧ್ಯವಾದಷ್ಟು ಚಿಕ್ಕ, ನೇರವಾದ ದಪ್ಪ ತಂತಿ ಜೋಡಿಸಬೇಕು. ಡಿಶ್‌ನ ಕಂಬವನ್ನೂ ಅದೇ ವ್ಯವಸ್ಥೆಗೆ ಸೇರಿಸಬೇಕು. ಟಿವಿಗೆಂದೇ ಒಂದು ಒಂಟಿ ಸರಳನ್ನು ನೆಲಕ್ಕೆ ಬಡಿದು, ಅದನ್ನು ಮುಖ್ಯ ಅರ್ಥಿಂಗಿಗೆ ಸೇರಿಸದೆ ಬಿಡುವುದು ಬಲು ದೊಡ್ಡ ತಪ್ಪು, ಏಕೆಂದರೆ ನಾವು ತಪ್ಪಿಸಬೇಕಾದ ವೋಲ್ಟೇಜ್ ಅಂತರವನ್ನು ಅದೇ ಸೃಷ್ಟಿಸುತ್ತದೆ. ಗ್ಯಾರೇಜಿಗೆ ಮನೆಯಿಂದಲೇ ವಿದ್ಯುತ್ ಹೋಗಿದ್ದರೆ ಎರಡರ ಅರ್ಥಿಂಗ್ ಹೇಗೆ ಕೂಡಿದೆ ಎಂದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಈ ಇಡೀ ಕೆಲಸದಲ್ಲಿ ಸ್ವಂತ ಕೈಯಿಂದ ಮಾಡಬಾರದು ಎಂದು ನಾನು ಹೇಳುವ ಭಾಗ ಇದೊಂದೇ.

ಕನೆಕ್ಟರ್ ಹಾಕುವುದನ್ನು ನಾನೇ ಮಾಡಬಹುದೇ?

ಖಂಡಿತ ಮಾಡಬಹುದು. ತಿರುಗಿಸಿ ಸಿಕ್ಕಿಸುವ ಬಗೆಯದು ಬೇಡ, ಒತ್ತಿ ಕೂರಿಸುವ ಕಂಪ್ರೆಷನ್ ಎಫ್ ಕನೆಕ್ಟರುಗಳನ್ನೂ ಅದರ ಇಕ್ಕಳವನ್ನೂ ಬಳಸಿ. ಕವಚ ಸುಲಿದ ಮೇಲೆ ಹೆಣಿಗೆಯ ಎಳೆಗಳನ್ನು ಹಿಂದಕ್ಕೆ ಮಡಚಿ, ಹಾಳೆಯ ಪದರ ನೊರೆಗೆ ಅಂಟಿಕೊಂಡೇ ಇರಲಿ. ಬೆಳಕಿಗೆ ಹಿಡಿದು ನೋಡಿ: ಕೂದಲಿನಷ್ಟು ತೆಳ್ಳಗಿನ ಒಂದೇ ಒಂದು ಎಳೆ ನಡುತಂತಿಯನ್ನು ಮುಟ್ಟಿದರೂ ಶಾರ್ಟ್ ಆಗಿ ಎಲ್‌ಎನ್‌ಬಿಗೆ ವಿದ್ಯುತ್ತೇ ಹೋಗುವುದಿಲ್ಲ. ಬಿಳಿ ನೊರೆ ಕನೆಕ್ಟರಿನ ಒಳತಳಕ್ಕೆ ಸಮವಾಗಿ ಬಂದು, ನಡುತಂತಿ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಚಾಚಿದರೆ ಸರಿಯಾಯಿತು. ಬಾಕ್ಸಿನ ಪ್ಲಗ್ ತೆಗೆದಿಟ್ಟ ನಂತರವೇ ಜೋಡಿಸಿ. ಹೊರಗಿನ ಪ್ರತಿ ಜೋಡಣೆಯನ್ನೂ ತನಗೆ ತಾನೇ ಅಂಟುವ ರಬ್ಬರ್ ಟೇಪಿನಿಂದ ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಾಗೆ ಸುತ್ತಿದಾಗ ಪದರಗಳು ಹಂಚಿನಂತೆ ಒಂದರ ಮೇಲೊಂದು ಕೂತು ನೀರು ಜಾರಿಹೋಗುತ್ತದೆ. ಮಣ್ಣಿನಡಿಯಲ್ಲಿ ಮಾತ್ರ ಜೋಡಣೆಯೇ ಬೇಡ.

ಮನೆಯ ಬಾಕ್ಸಿನ ಚಿತ್ರವನ್ನೇ ಗ್ಯಾರೇಜಿಗೆ ಕಳಿಸುವ ದಾರಿಗಳು ಯಾವುವು?

ಸಾಧಾರಣ ಎಚ್‌ಡಿಎಂಐ ಕೇಬಲನ್ನು ಅಂಗಳ ದಾಟಿಸುವ ಆಸೆ ಬೇಡ, ಹತ್ತು ಹದಿನೈದು ಮೀಟರಿಗೇ ಅದು ಸೋಲುತ್ತದೆ. ಎಚ್‌ಡಿಎಂಐಯನ್ನು ನೆಟ್‌ವರ್ಕ್ ಕೇಬಲಿನ ಮೇಲೆ ಸಾಗಿಸುವ ಜೋಡಿ ಪೆಟ್ಟಿಗೆಗಳು ಸಿಗುತ್ತವೆ. ಎಚ್‌ಡಿಬೇಸ್‌ಟಿ ಮಾದರಿಯವು 100 ಮೀಟರ್‌ವರೆಗೆ ಹೋಗುತ್ತವೆ. ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆಯನ್ನು ಅವು ಹಾಯಿಸಬೇಕು, ರಿಮೋಟಿನ ಇನ್ಫ್ರಾರೆಡ್ ಸಂಕೇತವನ್ನು ಹಿಂದಕ್ಕೆ ಮನೆಗೆ ತಲುಪಿಸಬೇಕು. ಎರಡೂ ಇವೆಯೇ ಎಂದು ನೋಡಿ ಕೊಳ್ಳಿ. ನನ್ನ ಮೆಚ್ಚಿನ ಮಾರ್ಗ ಆಪ್ಟಿಕಲ್ ಫೈಬರ್. ಲೋಹರಹಿತ ಫೈಬರ್ ಕೇಬಲಿನಲ್ಲಿ ವಿದ್ಯುತ್ ಹರಿಯುವುದೇ ಇಲ್ಲವಾದ್ದರಿಂದ ಮೇಲೆ ಹೇಳಿದ ಅರ್ಥಿಂಗಿನ ತೊಂದರೆ ಬುಡಸಮೇತ ಇಲ್ಲವಾಗುತ್ತದೆ.

ತಂತಿಯೇ ಇಲ್ಲದೆ ಸಾಧ್ಯವೇ?

ನಿಮ್ಮ ಸೇವೆಯವರು ಅವೇ ಚಾನೆಲ್‌ಗಳನ್ನು ಅಂತರ್ಜಾಲದ ಆಪ್ ಮೂಲಕವೂ ಕೊಡುತ್ತಿದ್ದರೆ, ಗ್ಯಾರೇಜಿಗೆ ಗಟ್ಟಿಯಾದ ವೈಫೈ ತಲುಪಿಸುವುದಷ್ಟೇ ಕೆಲಸ. ಗ್ಯಾರೇಜಿನ ಗೋಡೆ ತಗಡಿನದಾಗಿದ್ದರೆ ಮನೆಯ ರೌಟರಿನ ಅಲೆಗಳು ಒಳಗೆ ಹೋಗುವುದಿಲ್ಲ. ಎರಡೂ ಗೋಡೆಗಳ ಹೊರಗೆ ಎದುರುಬದುರಾಗಿ ನಿಲ್ಲಿಸುವ ವೈರ್‌ಲೆಸ್ ಸೇತುವೆಯ ಜೋಡಿಯೊಂದು ಬೇಕಾಗುತ್ತದೆ. ಇನ್ನು, ಕೋಆಕ್ಸ್ (ಆರ್‌ಜಿ-6 ಬಗೆಯ ಟಿವಿ ಕೇಬಲ್) ಮೇಲೆಯೇ ಅಂತರ್ಜಾಲ ಸಾಗಿಸುವ ಮೋಕಾ ಉಪಕರಣಗಳು ಸಾಮಾನ್ಯವಾಗಿ 1125 ಮೆಗಾಹರ್ಟ್ಸ್‌ನಿಂದ ಮೇಲೆ ಕೆಲಸ ಮಾಡುತ್ತವೆ. ಅದು ಉಪಗ್ರಹ ಸಿಗ್ನಲಿನದೇ ಜಾಗ, ಆದ್ದರಿಂದ ಎರಡನ್ನೂ ಒಂದೇ ಕೇಬಲಿಗೆ ಬೆರೆಸಬಾರದು.

ಗ್ಯಾರೇಜಿನಲ್ಲಿ ಬಾಕ್ಸನ್ನು ಎಲ್ಲಿಡಬೇಕು?

ನೆಲದಿಂದ ಎತ್ತರದಲ್ಲಿ, ಗಾಳಿಯಾಡುವಂತೆ, ಮರ ಅಥವಾ ಲೋಹ ಉಜ್ಜುವ ಮೇಜಿನಿಂದ ದೂರದಲ್ಲಿ. ಲೋಹದ ಪುಡಿ ಗಾಳಿಗಂಡಿಯಿಂದ ಒಳಹೊಕ್ಕರೆ ಬಾಕ್ಸು ಉಳಿಯದು. ಕಂಪ್ರೆಸರ್, ವೆಲ್ಡಿಂಗ್ ಯಂತ್ರಗಳು ಶುರುವಾಗುವಾಗ ವೋಲ್ಟೇಜ್ ಕುಸಿದು ಬಾಕ್ಸು ಮತ್ತೆ ಮೊದಲಿನಿಂದ ಎದ್ದುಕೊಳ್ಳುತ್ತ ಕೂರುವುದರಿಂದ, ಅವುಗಳದ್ದಲ್ಲದ ಬೇರೆ ಸರ್ಕ್ಯೂಟಿನಿಂದ ವಿದ್ಯುತ್ ಕೊಡಿ.

ಕೆಲವು ಚಾನೆಲ್ ಬರುತ್ತವೆ, ಕೆಲವು ಬರುವುದಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಮೊದಲು ಗ್ಯಾರೇಜಿನ ಬಾಕ್ಸನ್ನು ಮನೆಗೆ ಒಯ್ದು ಚಿಕ್ಕ ಕೇಬಲಿನಲ್ಲಿ ನೋಡಿ. ಅಲ್ಲಿ ಎಲ್ಲ ಬಂದರೆ ದೋಷ ದಾರಿಯಲ್ಲಿದೆ. ಬಾರದ ಚಾನೆಲ್‌ಗಳೆಲ್ಲ 18 ವೋಲ್ಟಿನ ಧ್ರುವೀಕರಣದವೇ ಆಗಿದ್ದರೆ ಅದು ವೋಲ್ಟೇಜ್ ಕುಸಿತ. ಡಿಶ್‌ನ ತುದಿಯಲ್ಲಿ, ಎಲ್‌ಎನ್‌ಬಿ ಜೋಡಿಸಿದ ಸ್ಥಿತಿಯಲ್ಲೇ, ಮೀಟರ್ ಹಿಡಿದು ಅಳೆಯಿರಿ, ಏಕೆಂದರೆ ಹೊರೆಯಿಲ್ಲದ ಕೇಬಲು ಯಾವಾಗಲೂ 18 ತೋರಿಸುತ್ತದೆ. ಕೇಬಲಿನ ಮೇಲಿನ ಆವರ್ತನಗಳಲ್ಲಿ ಬರುವವಷ್ಟೇ ಹೋದರೆ ಉದ್ದ ಹೆಚ್ಚಾಯಿತು, ಅಥವಾ ಸ್ಪ್ಲಿಟರ್ ತಕ್ಕದ್ದಲ್ಲ. ಮಳೆ ಬರುವಾಗ ಎರಡೂ ಟಿವಿಗಳು ಹೋಗಿ, ನಿಂತ ಮೇಲೆ ಮರಳಿದರೆ ಅದು ಆಕಾಶದ್ದು. ಮಳೆ ನಿಂತ ಮರುದಿನವೂ ಗ್ಯಾರೇಜಿನದು ಮಾತ್ರ ಸೊರಗಿದ್ದರೆ ಎಲ್ಲೋ ನೀರು ಹೊಕ್ಕಿದೆ, ಹೊರಗಿನ ಕನೆಕ್ಟರುಗಳನ್ನು ಬಿಚ್ಚಿ ಹಸಿರು ಕಿಲುಬು ಹುಡುಕಿ. ಒಂದೆರಡು ಚಾನೆಲ್ ಮಾತ್ರ ಆಗಾಗ ಮಿಡುಕುತ್ತಿದ್ದರೆ ಹತ್ತಿರದ ಕಾರ್ಡ್‌ಲೆಸ್ ಫೋನನ್ನು ಆರಿಸಿ ನೋಡಿ. ಡೆಕ್ಟ್ ಫೋನುಗಳು ಹಲವೆಡೆ 1880ರಿಂದ 1900 ಮೆಗಾಹರ್ಟ್ಸ್ ಬಳಸುತ್ತವೆ, ಹೆಣಿಗೆ ಸಡಿಲವಾದ ಕೇಬಲು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಒಂದೇ ಟಿವಿಗೆ ಎಷ್ಟು ಕೇಬಲ್ ಎಳೆದಿಡಬೇಕು?

ಕೋಆಕ್ಸ್ ಎರಡು, ನೆಟ್‌ವರ್ಕ್ ಕೇಬಲ್ ಅಥವಾ ಫೈಬರ್ ಒಂದು. ರೆಕಾರ್ಡ್ ಮಾಡುವ ಬಾಕ್ಸುಗಳಲ್ಲಿ ಎರಡು ಟ್ಯೂನರುಗಳಿದ್ದು, ಒಂಟಿ ಕೇಬಲ್ ಪದ್ಧತಿ ಇಲ್ಲದ ಕಡೆ ಅವು ಎರಡು ಕೋಆಕ್ಸ್ ಕೇಳುತ್ತವೆ. ಪೈಪಿನ ಅರ್ಧಕ್ಕಿಂತ ಹೆಚ್ಚು ತುಂಬದಂತೆ ಅಗಲದ್ದನ್ನು ಆರಿಸಿ, ಕೇಬಲುಗಳ ಜೊತೆ ಒಂದು ನೈಲಾನ್ ಹಗ್ಗವನ್ನೂ ತೂರಿಸಿ, ಅದರ ಎರಡೂ ತುದಿಗಳನ್ನು ಗೋಡೆಯ ಮೊಳೆಗೆ ಕಟ್ಟಿಡಿ. ಮುಂದೆ ಹೊಸ ಕೇಬಲ್ ಬೇಕಾದಾಗ ಅದನ್ನು ಈ ಹಗ್ಗಕ್ಕೆ ಕಟ್ಟಿ ಆ ತುದಿಯಿಂದ ಎಳೆದುಕೊಳ್ಳಬಹುದು; ಎಳೆಯುವಾಗ ಜೊತೆಗೆ ಇನ್ನೊಂದು ಹಗ್ಗವನ್ನೂ ಕಟ್ಟಿ ಒಳಗೆ ಬಿಡುವುದನ್ನು ಮರೆಯಬೇಡಿ.